ಕೆಜಿಎಫ್ ಚಿನ್ನ ಹರಪ್ಪಕ್ಕೆ ಹೋಗಿತ್ತೇ? ಹಳೇ ಗಣಿಯ ವಯಸ್ಸು ಗೊತ್ತಾಗುವುದು ಹೇಗೆ?

ಕೋಲಾರದ ಚಿನ್ನದ ಗಣಿಯನ್ನು ಬ್ರಿಟಿಷರು ಕಂಡುಹಿಡಿದರು ಎಂದು ಶಾಲೆಯಲ್ಲಿ ಓದಿದ್ದೀರಿ. ಅಲ್ಲಿನ ಚಿನ್ನ ಐದು ಸಾವಿರ ವರ್ಷದ ಹಿಂದೆಯೇ ಮೊಹೆಂಜೊದಾರೊಗೆ ಹೋಗುತ್ತಿತ್ತು ಎಂದು ವಾಟ್ಸಾಪಿನಲ್ಲಿ ಬಂದಿದೆ. ಕಾಲೇಜಿನ ಸೆಮಿನಾರಿಗೆ ಇವೆರಡರಲ್ಲಿ ಯಾವುದನ್ನು ಬರೆಯಲಿ ಎಂದು ಕೇಳಿದ್ದೀರಿ. ಎರಡನ್ನೂ ಬರೆಯಬೇಡಿ.

ನಾನು ಲಿಂಗಸುಗೂರು ತಾಲ್ಲೂಕಿನವನು, ಗಣಿ ಸರ್ವೆಯಲ್ಲಿ ಬದುಕು ಸವೆಸಿ ನಿವೃತ್ತನಾದವನು. ಇತಿಹಾಸದ ಡಿಗ್ರಿ ಇಲ್ಲ. ಆದರೆ ಗಣಿ ಸರ್ವೆಯವನಿಗೆ ಹಳಬರು ಎಲ್ಲಿ, ಎಷ್ಟು ಆಳ ಅಗೆದಿದ್ದರು ಎಂಬುದು ಗೊತ್ತಿರಲೇಬೇಕು. ನಕ್ಷೆಯಲ್ಲಿ ಅದನ್ನು 'ಓಲ್ಡ್ ವರ್ಕಿಂಗ್' ಎಂದು ಗುರುತು ಹಾಕಿರುತ್ತೇವೆ. ಶತಮಾನಗಳ ನೀರು ಅದರೊಳಗೆ ತುಂಬಿಕೊಂಡು ನಿಂತಿರುತ್ತದೆ. ಗೊತ್ತಿಲ್ಲದೆ ಪಕ್ಕದಿಂದ ಸಿಡಿಮದ್ದು ಹೊಡೆದು ತೂತು ಮಾಡಿದರೆ ಕೆಳಗಿದ್ದವರ ಗತಿ ಮುಗಿಯಿತು. ನನಗೆ ಇತಿಹಾಸದ ಹುಚ್ಚು ಹತ್ತಿದ್ದು ಈ ಭಯದಿಂದ.

ಮೊದಲು ಬ್ರಿಟಿಷರ ವಿಷಯ. ಟಿಪ್ಪು ಬಿದ್ದ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಕಡೆ ಹೋದಾಗ ಅಲ್ಲಿನ ಜನ ಆಗಲೇ ಚಿನ್ನ ತೆಗೆಯುತ್ತಿದ್ದರು. ಮಾರಿಕುಪ್ಪದಲ್ಲಿ ಮೂವತ್ತು ನಲವತ್ತು ಅಡಿಯ ಗುಂಡಿಗೆ ಇಳಿದು ಕಲ್ಲು ಒಡೆಯುವುದು, ಬುಟ್ಟಿಯನ್ನು ಕೈಯಿಂದ ಕೈಗೆ ಮೇಲೆ ಸಾಗಿಸುವುದು, ಹೆಂಗಸರು ಅದನ್ನು ಕುಟ್ಟಿ ಹಲಗೆಯ ಮೇಲೆ ತೊಳೆಯುವುದು, ಇದನ್ನೆಲ್ಲ ಅವನೇ ಬರೆದಿದ್ದಾನೆ. ಎಪ್ಪತ್ತು ವರ್ಷದ ನಂತರ ಆ ಬರಹ ಓದಿಕೊಂಡು ಎತ್ತಿನಗಾಡಿ ಏರಿ ಬಂದವನು ಬೆಂಗಳೂರು ದಂಡಿನ ಮೈಕೆಲ್ ಲ್ಯಾವೆಲ್. ಆಮೇಲೆ ಜಾನ್ ಟೇಲರ್ ಕಂಪನಿ ಬಂತು. ಶುರುವಿನ ವರ್ಷಗಳಲ್ಲಿ ಹಣವೆಲ್ಲ ಖರ್ಚಾಗಿ ಬಾಗಿಲು ಹಾಕುವ ಸ್ಥಿತಿಗೆ ಬಂದಿದ್ದರು. ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರ ಹಳಬರ ಗುಂಡಿಗಳ ಜಾಡು ಹಿಡಿದು, ಅವರು ಬಿಟ್ಟುಹೋದ ಜಾಗದಿಂದ ಕೆಳಕ್ಕೆ ಇಳಿದ. 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ರೀಫ್ ಎಂಬ ಚಿನ್ನದ ಎಳೆ ಕೈಗೆ ಸಿಕ್ಕಿದ್ದು ಹೀಗೆ. ಮುಂದೆ ಮೂರು ಕಿಲೋಮೀಟರಿಗೂ ಆಳ ಹೋದ, 2001ರಲ್ಲಿ ಮುಚ್ಚುವ ತನಕ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಗೆ ದಾರಿ ತೋರಿಸಿದ್ದು ಹೆಸರಿಲ್ಲದ ನಮ್ಮ ಹಳಬರ ಗುಂಡಿ. ಆದ್ದರಿಂದ 'ಕಂಡುಹಿಡಿದರು' ಎಂಬ ಮಾತು ಸಲ್ಲ. ಆಳಕ್ಕೆ ಇಳಿಸಿದರು ಎನ್ನಿ, ಅದು ಅವರಿಗೆ ನ್ಯಾಯವಾಗಿ ಸಲ್ಲಬೇಕು.

ಹಾಗಾದರೆ ಹರಪ್ಪ? ಈ ಮಾತು ಹುಟ್ಟಿದ್ದು ವಾಟ್ಸಾಪಿನಲ್ಲಿ ಅಲ್ಲ. ಮೊಹೆಂಜೊದಾರೊದಲ್ಲಿ ಸಿಕ್ಕ ಒಡವೆಗಳ ಚಿನ್ನದಲ್ಲಿ ಬೆಳ್ಳಿಯ ಬೆರಕೆ ಹೆಚ್ಚಿತ್ತು. ಅಂಥ ಚಿನ್ನ ಕೋಲಾರ, ಅನಂತಪುರದ ಕಡೆಯದಿರಬಹುದು ಎಂದು ಭೂವಿಜ್ಞಾನಿ ಎಡ್ವಿನ್ ಪ್ಯಾಸ್ಕೊ ಹೇಳಿದರು. ಅವರದು ಊಹೆ. ಒಬ್ಬರಿಂದ ಒಬ್ಬರಿಗೆ ದಾಟುವಾಗ 'ಇರಬಹುದು' ಉದುರಿಹೋಗಿ 'ಇತ್ತು' ಉಳಿಯಿತು. ನೆಲದಲ್ಲಿ ಸಿಗುವ ಚಿನ್ನ ಎಲ್ಲಿಯದಾದರೂ ಸ್ವಲ್ಪ ಬೆಳ್ಳಿ ಸೇರಿಕೊಂಡೇ ಇರುತ್ತದೆ, ಅದು ಕೋಲಾರದ ಗುರುತಲ್ಲ. ಸಿಂಧೂ ನದಿಯ ಮೇಲ್ಭಾಗದಲ್ಲೇ ಮರಳು ತೊಳೆದು ಚಿನ್ನ ತೆಗೆಯುವವರಿದ್ದರು. ಮನೆ ಹಿಂದೆ ಬಾವಿ ಇರುವವನು ನೀರಿಗೆ ನಾಲ್ಕು ಊರು ದಾಟಿ ಹೋದ ಅನ್ನಬೇಕಾದರೆ ಗಟ್ಟಿ ಸಾಕ್ಷಿ ಬೇಕು. ಬರೀ ಬೆಳ್ಳಿಯ ಲೆಕ್ಕ ಸಾಲದು.

ಈಗ ವಯಸ್ಸಿನ ಪ್ರಶ್ನೆ. ಗಣಿಯ ವಯಸ್ಸು ಹೇಳುವುದು ಊರಿನ ವಯಸ್ಸು ಹೇಳಿದ ಹಾಗಲ್ಲ. ಊರಾದರೆ ಹಳೇ ಮನೆ ಬಿದ್ದ ಮೇಲೆ ಹೊಸ ಮನೆ ಏಳುತ್ತದೆ, ಪದರ ಪದರವಾಗಿ ಮಣ್ಣು ಕೂರುತ್ತದೆ, ಅಗೆದವನು ಕೆಳಗಿನಿಂದ ಲೆಕ್ಕ ಹಾಕಬಹುದು. ಗಣಿ ತಿರುಗುಮುರುಗು. ಮೊಮ್ಮಗ ಬಂದವನು ಅಜ್ಜ ಅಗೆದ ಗುಂಡಿಯನ್ನೇ ಅಗಲ ಮಾಡುತ್ತಾನೆ, ಅಜ್ಜನ ಉಳಿಯ ಗುರುತು ಕಲ್ಲಿನ ಜೊತೆಗೇ ಮೇಲೆ ಹೋಗಿ ಪುಡಿಯಾಗುತ್ತದೆ. ಅಜ್ಜ ಎಸೆದ ಕಲ್ಲಿನ ರಾಶಿಯಲ್ಲೂ ಚಿನ್ನ ಇದೆಯೆಂದು ಅದನ್ನೂ ಅರೆಯುತ್ತಾನೆ. ಕೊನೆಗೆ ಉಳಿಯುವುದು ಯಾರೂ ಮತ್ತೆ ಮುಟ್ಟದ ಮೂಲೆಗಳಲ್ಲಿ ಬಿದ್ದಿರುವ ಮರದ ತುಂಡು, ಇದ್ದಿಲು, ಒಂದೆರಡು ಮಡಕೆ ಚೂರು. ಮಡಕೆ ಚೂರು ಮೇಲಿನಿಂದ ಉರುಳಿಬಿದ್ದಿರಲೂಬಹುದು. ಮರ, ಇದ್ದಿಲು ನಂಬಬಹುದಾದ ಸಾಕ್ಷಿ.

ಮರ ಬದುಕಿರುವಾಗ ಗಾಳಿಯಿಂದ ಇಂಗಾಲ-14 ಎಳೆದುಕೊಳ್ಳುತ್ತದೆ. ಸತ್ತ ಮೇಲೆ ಅದು 5730 ವರ್ಷಕ್ಕೆ ಅರ್ಧದಷ್ಟಾಗುವ ಲೆಕ್ಕದಲ್ಲಿ ಇಳಿಯುತ್ತ ಹೋಗುತ್ತದೆ, ಎಷ್ಟು ಉಳಿದಿದೆ ಎಂದು ಅಳೆದರೆ ಮರದ ವಯಸ್ಸು ಸಿಗುತ್ತದೆ. ಚಾಂಪಿಯನ್ ರೀಫಿನ ಹಳೇ ಗುಂಡಿಗಳಲ್ಲಿ ಸಿಕ್ಕ ಮರವನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿದಾಗ ಬಂದದ್ದು ಸುಮಾರು ಸಾವಿರದ ಮುನ್ನೂರರಿಂದ ಸಾವಿರದೈನೂರು ವರ್ಷ. ಅಂದರೆ ಹೆಚ್ಚುಕಡಿಮೆ ತಲಕಾಡಿನ ಗಂಗರ ಕಾಲ. ಇಲ್ಲಿ ಒಂದು ಎಚ್ಚರ: ಪರೀಕ್ಷೆ ಹೇಳುವುದು ಮರದ ಆ ಭಾಗ ಬೆಳೆದ ಕಾಲವನ್ನು, ಗಣಿಯಲ್ಲಿ ಆಧಾರಕ್ಕೆ ನಿಲ್ಲಿಸಿದ ಕಾಲವನ್ನಲ್ಲ. ದಪ್ಪ ದಿಮ್ಮಿಯ ತಿರುಳು ಅದರ ಸಿಪ್ಪೆಗಿಂತ ನೂರು ವರ್ಷ ಹಿರಿಯದಾಗಿರಬಹುದು. ಆದರೂ ಸಾವಿರದೈನೂರನ್ನು ಎಷ್ಟೇ ಎಳೆದರೂ ಐದು ಸಾವಿರ ಆಗುವುದಿಲ್ಲ.

ನನ್ನ ಪಕ್ಷಪಾತ ಅನ್ನಿ ಬೇಕಾದರೆ, ಸೆಮಿನಾರಿಗೆ ಕೆಜಿಎಫ್‌ಗಿಂತ ನಮ್ಮ ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಒಳ್ಳೆಯ ವಿಷಯ. ಇಲ್ಲಿ ಹಳಬರು 600 ಅಡಿಗೂ ಹೆಚ್ಚು ಆಳ ಇಳಿದಿದ್ದರು. ಅಷ್ಟು ಕೆಳಗೆ ಸಿಕ್ಕ ಮರದ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಪಂಪಿಲ್ಲ, ಮದ್ದಿಲ್ಲ, ಗಾಳಿ ಊದುವ ಫ್ಯಾನಿಲ್ಲ. ಹೇಗೆ ಇಳಿದರು ಅಂದರೆ, ಬೆಂಕಿ. ಬೆಣಚುಕಲ್ಲಿನ ಎಳೆಗೆ ಆನಿಸಿ ಕಟ್ಟಿಗೆ ಒಟ್ಟಿ ಉರಿ ಹಾಕುವುದು, ಕಾದ ಬಂಡೆ ಬಿರಿದ ಮೇಲೆ ಗಡಾರಿ, ಉಳಿ ಹಾಕಿ ಎಬ್ಬಿಸುವುದು. ಬೆಣಚು ಕಾದಾಗ ಬಹಳ ಹಿಗ್ಗುತ್ತದೆ, 573 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದರ ಹರಳಿನ ಕಟ್ಟೇ ಬದಲಾಗಿ ಒಳಗೆಲ್ಲ ಸೀಳು ಬೀಳುತ್ತದೆ. ಹೀಗೆ ಬೆಂದ ಕಲ್ಲು ಕುಟ್ಟಲೂ ಹಗುರ, ಇದು ಎರಡನೇ ಲಾಭ. ಕಲ್ಲು ಕ್ವಾರಿಯಲ್ಲಿ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವುದನ್ನು ನಿಮ್ಮ ಅಜ್ಜ ನೋಡಿರಬಹುದು, ಅದೇ ವಿದ್ಯೆ. ಬಯಲಿನಲ್ಲಾದರೆ ಹೊಗೆ ಗಾಳಿಗೆ ಹೋಗುತ್ತದೆ. 600 ಅಡಿ ಕೆಳಗೆ, ಒಬ್ಬ ಮನುಷ್ಯ ಕಷ್ಟಪಟ್ಟು ತೂರುವಷ್ಟು ಕಿರಿದಾದ ಜಾಗದಲ್ಲಿ? ಉರಿ ಹಚ್ಚಿ ಎಲ್ಲರೂ ಮೇಲೆ ಬಂದು, ಹೊಗೆ ಇಳಿದು ಬಂಡೆ ಆರುವ ತನಕ ಕಾಯದೆ ಬೇರೆ ದಾರಿ ಇಲ್ಲ. ಒಂದು ದಿನಕ್ಕೆ ಎಷ್ಟು ಗೇಣು ಕಲ್ಲು ಬಿಟ್ಟುಕೊಟ್ಟಿರಬಹುದು ಎಂದು ನಾನು ಎಷ್ಟೋ ಸಲ ಕೂತು ಲೆಕ್ಕ ಹಾಕಿದ್ದೇನೆ, ಪ್ರತಿ ಸಲ ಬೇರೆ ಉತ್ತರ ಬರುತ್ತದೆ.

ಮೇಲೆ ತಂದ ಕಲ್ಲನ್ನು ಬಂಡೆಯಲ್ಲೇ ಕೊರೆದ ಒರಳಿನಂಥ ಕುಳಿಗಳಲ್ಲಿ ಹಾಕಿ ಕುಟ್ಟುತ್ತಿದ್ದರು. ಆ ಪುಡಿಯನ್ನು ಮರಿಗೆಯಲ್ಲಿ ಹಾಕಿ ನೀರಿನಲ್ಲಿ ಜಾಲಿಸಿದರೆ ಕಲ್ಲು ತೇಲಿಹೋಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಅಕ್ಕಿಯಲ್ಲಿ ಕಲ್ಲು ಜಾಲಿಸುವುದಿಲ್ಲವೇ, ಹಾಗೆಯೇ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೆ ಚಿನ್ನ ತೊಳೆದು ಬದುಕುತ್ತಿದ್ದ ಜಾಲಗಾರರ ಬಗ್ಗೆ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಬರೆದಿದ್ದಾರೆ. ಇನ್ನು ಪ್ರಾಚೀನ ಭಾರತದ ಚಿನ್ನದ ಗಣಿಗಳ ಸಾಕ್ಷಿಗಳನ್ನು ಒಟ್ಟು ಮಾಡಿ ಮೊದಲು ಕಟ್ಟುನಿಟ್ಟಾಗಿ ತೂಗಿ ನೋಡಿದವರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಮುಖ್ಯರು. 1962ರ ಅವರ ಲೇಖನ ಹುಡುಕಿ ಓದಿ. ನಮ್ಮವರೇ ಆದ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರ ಬರಹಗಳನ್ನೂ ಓದಿ.

ಹಟ್ಟಿಯ ಎರಡು ಸಾವಿರ ವರ್ಷಕ್ಕೆ ಪಕ್ಕದಲ್ಲೇ ಒಂದು ಜೊತೆ ಇದೆ. ಮಸ್ಕಿಯ ಅಶೋಕನ ಶಾಸನ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ರಾಜನಿಗೆ 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇತ್ತು, 'ಅಶೋಕ' ಎಂಬ ಹೆಸರು ಬಂಡೆಯ ಮೇಲೆ ಮೊದಲು ಓದಲು ಸಿಕ್ಕಿದ್ದು ಮಸ್ಕಿಯಲ್ಲಿ, ಇದು ನಿಮಗೆ ಗೊತ್ತಿರುತ್ತದೆ. 1915ರಲ್ಲಿ ಅದನ್ನು ಕಂಡವನು ಚಿನ್ನದ ನೆಲೆ ಹುಡುಕುತ್ತ ತಿರುಗುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಅತ್ತ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿರುವ ಅಶೋಕನದೇ ಶಾಸನದ ಆಜ್ಞೆ ಹೊರಟಿದ್ದು 'ಸುವರ್ಣಗಿರಿ'ಯಿಂದ. ಅದು ಕನಕಗಿರಿಯೋ ಮಸ್ಕಿಯೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಾರೆ. ಮೌರ್ಯರು ಇಷ್ಟು ದೂರ ಬಂದು ಕೂತಿದ್ದು ಚಿನ್ನಕ್ಕೇ ಎಂದು ನನಗೆ ಅನ್ನಿಸುತ್ತದೆ. ಆದರೆ ಶಾಸನದಲ್ಲಿ ಗಣಿಯ ಸುದ್ದಿ ಇಲ್ಲ, ಆದ್ದರಿಂದ ಇದನ್ನು ಸೆಮಿನಾರಿನಲ್ಲಿ ಹೇಳುವುದಾದರೆ ಊಹೆ ಎಂದೇ ಹೇಳಿ. ಪ್ಯಾಸ್ಕೊ ಮಾತಿಗೆ ಆದ ಗತಿ ಇದಕ್ಕೂ ಆಗುವುದು ಬೇಡ.

ಹಟ್ಟಿ ಕಡೆ ಬಂದರೆ ಕುಟ್ಟುವ ಕುಳಿಗಳ ಫೋಟೊ ತೆಗೆದುಕೊಳ್ಳಿ. ನಾನು ಹುಡುಗನಾಗಿದ್ದಾಗ ಮಳೆ ನಿಂತ ಮೇಲೆ ಅದರಲ್ಲಿ ಗುಬ್ಬಿಗಳು ನೀರು ಕುಡಿಯುತ್ತಿದ್ದವು, ಅವು ಏನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟರೊಳಗೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ಕುಳಿಯ ಅಂಚು ನೆರಳಿನಲ್ಲಿ ಎದ್ದು ಕಾಣುತ್ತದೆ. ಮಧ್ಯಾಹ್ನ ತೆಗೆದರೆ ಬರೀ ಬಂಡೆ ಬರುತ್ತದೆ.