ಯೆಲ್ಲೋಸ್ಟೋನ್ ಹೋಟೆಲ್ ರೂಮಿನಲ್ಲಿ ಬಾತ್‌ರೂಮ್ ಇಲ್ಲವಂತೆ, ಅಪ್ಪನಿಗೆ ಮೊಣಕಾಲು ನೋವು: ಏನು ಮಾಡಲಿ?

ನೀವು ಬುಕ್ ಮಾಡಿರುವುದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗಿನ ಓಲ್ಡ್ ಫೇತ್‌ಫುಲ್ ಇನ್ ಹೋಟೆಲಿನ 'ಓಲ್ಡ್ ಹೌಸ್' ಅನ್ನುವ ಹಳೆಯ ಭಾಗದ ರೂಮ್ ಇರಬೇಕು. 1904ರಲ್ಲಿ ಶುರುವಾದ ಮರದ ಕಟ್ಟಡ ಅದು. ಅಲ್ಲಿನ ಎಷ್ಟೋ ರೂಮುಗಳಿಗೆ ಸ್ವಂತ ಬಾತ್‌ರೂಮ್ ಇಲ್ಲ, ಕಾರಿಡಾರಿನಲ್ಲಿರುವುದನ್ನೇ ಎಲ್ಲರೂ ಬಳಸಬೇಕು. ಮೋಸ ಹೋದೆವು ಅಂತ ಗಾಬರಿ ಬೇಡ.

ಮೊದಲು ಬುಕಿಂಗ್ ಮೇಲ್ ತೆಗೆದು ರೂಮಿನ ಬಗೆ ನೋಡಿ. ಓಲ್ಡ್ ಹೌಸ್ ಅಂತಿದ್ದರೆ ಇವತ್ತೇ ಫೋನ್ ಮಾಡಿ, ಅದೇ ಹೋಟೆಲಿಗೆ ಮುಂದೆ ಸೇರಿಸಿ ಕಟ್ಟಿದ ಈಸ್ಟ್ ಅಥವಾ ವೆಸ್ಟ್ ವಿಂಗ್‌ಗೆ ಬದಲಿಸಲು ಕೇಳಿ. ಅಪ್ಪನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಅದೇ ಫೋನಿನಲ್ಲಿ ಹೇಳಿಬಿಡಿ. ಸಿಕ್ಕೇ ಸಿಗುತ್ತದೆ ಅನ್ನಲಾರೆ. ಆದರೆ ಜನ ರದ್ದು ಮಾಡುತ್ತಲೇ ಇರುತ್ತಾರೆ, ದಿನಾ ಒಮ್ಮೆ ನೋಡಿ. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಮಾತ್ರ ಬಿಡಬೇಡಿ.

ಸಿಗದಿದ್ದರೂ ಸುಮ್ನೆ ಹೋಗಿಬನ್ನಿ. ಆ ಲಾಬಿಯ ಕಲ್ಲಿನ ಚಿಮಣಿ, ಸೊಟ್ಟ ಕೊಂಬೆಗಳನ್ನೇ ಜೋಡಿಸಿದ ಕಂಬಿಗಳನ್ನು ನಮ್ಮಮ್ಮ ಕೈಯಿಂದ ಸವರಿ ಸವರಿ ನೋಡಿದ್ದರು. ಜೂನ್‌ನಲ್ಲೂ ರಾತ್ರಿ ಚಳಿ ಜಾಸ್ತಿ, ದಾವಣಗೆರೆ ಬಿಸಿಲಿಗೆ ಒಗ್ಗಿದ ಮೈ ಅಲ್ವಾ? ಉಣ್ಣೆ ಟೋಪಿ, ಕಾರಿಡಾರಿಗೆ ಜಾರದ ಚಪ್ಪಲಿ, ಮಂಡಕ್ಕಿ ಒಂದು ಪೊಟ್ಟಣ ಇಟ್ಟುಕೊಳ್ಳಿ. ಜಾಗ ಸುಮಾರು 7,300 ಅಡಿ ಎತ್ತರದಲ್ಲಿದೆ. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಮೊದಲ ದಿನ ಅಪ್ಪ ನಿಧಾನವಾಗಿ ನಡೆಯಲಿ.