ಮದುವೆ ಬ್ಲೌಸಿಗಾಗಿ ಮಗಳು ಊಟ ಬಿಟ್ಟಿದ್ದಾಳೆ

ಪ್ರಶ್ನೆ: ಮಗಳಿಗೆ 24 ವರ್ಷ. ಎತ್ತರ 5 ಅಡಿ 3 ಅಂಗುಲ, ತೂಕ 58 ಕೆ.ಜಿ. ಇತ್ತು. ಹೆಣ್ಣು ನೋಡಲು ಬಂದವರು, ‘ಸ್ವಲ್ಪ ದಪ್ಪ ಇದ್ದಾಳೆ, ಮದುವೆ ಹೊತ್ತಿಗೆ ಇಳೀತಾಳೆ ಬಿಡಿ’ ಅಂದರು. ಅವತ್ತಿನಿಂದ ಬೆಳಿಗ್ಗೆ ಬರೀ ಕಾಫಿ, ರಾತ್ರಿ ಸೌತೆಕಾಯಿ. ನಾಲ್ಕು ತಿಂಗಳಲ್ಲಿ 49ಕ್ಕೆ ಇಳಿದಿದ್ದಾಳೆ. ಬ್ಲೌಸನ್ನು ಅಳತೆಗಿಂತ ಎರಡಿಂಚು ಕಮ್ಮಿ ಹೊಲಿಸಿದ್ದಾಳೆ. ತಲೆಸುತ್ತು ಬರುತ್ತದೆ, ಎರಡು ತಿಂಗಳಿಂದ ಮುಟ್ಟಾಗಿಲ್ಲ. ನಾನಾದರೆ ಎಲ್ಲರದ್ದೂ ಆದ ಮೇಲೆ ಉಳಿದದ್ದು ಉಂಡು ರೂಢಿ, ತಡೆದುಕೊಳ್ಳುತ್ತೇನೆ. ಅವಳಿಗೆ ಹೇಗೆ ತಿಳಿಹೇಳಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಈ ವಾರವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ತಾಯಿ. ಹೊಟ್ಟೆಗೆ ಸಾಲದಿದ್ದಾಗ ದೇಹ ಮುಟ್ಟನ್ನೇ ನಿಲ್ಲಿಸಿಬಿಡುತ್ತದೆ, ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಬೇರೆ ಕಾರಣವಿದ್ದರೆ ಅದನ್ನೂ ಅವರು ನೋಡುತ್ತಾರೆ. ಆ ಎತ್ತರಕ್ಕೆ 58 ಕೆ.ಜಿ. ದಪ್ಪವೇ ಅಲ್ಲ. ಊಟ ಕಂಡರೇ ಹೆದರುವ ಹಾಗಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ‘ಉಳಿದದ್ದು ಉಂಡು ರೂಢಿ’ ಎಂಬ ಮಾತನ್ನು ಮಾತ್ರ ನನಗೆ ದಾಟಿ ಹೋಗಲಾಗಲಿಲ್ಲ. ನಮ್ಮವ್ವನೂ ಹೀಗೇ. ಎಲ್ಲರ ತಟ್ಟೆಗೂ ಮುದ್ದೆ ಇಟ್ಟು, ಪಾತ್ರೆಯ ತಳಕ್ಕೆ ಅಂಟಿದ್ದನ್ನು ನೀರು ಹಾಕಿ ಕೆರೆದು, ಒಲೆ ಮುಂದೆ ಕೂತು ಉಣ್ಣುತ್ತಿದ್ದಳು. ನಾನು ಎರಡನೇ ಸಲ ಸಾರು ಕೇಳಿದರೆ, ‘ಹೆಣ್ಣುಮಗು ಹಂಗೆಲ್ಲ ಉಣ್ಣಬಾರದು’ ಅನ್ನುತ್ತಿದ್ದಳು. ಅಣ್ಣನಿಗೆ ಒಂದು ದಿನವೂ ಅನ್ನಲಿಲ್ಲ. ಅವ್ವನ ಉಗುರು ಬಿಳಿಚಿಕೊಂಡು ಚಮಚದ ಹಾಗೆ ಗುಳಿಬಿದ್ದಿದ್ದವು. ಅದು ಕಬ್ಬಿಣಾಂಶ ಕಮ್ಮಿಯಾದ ಗುರುತು ಎಂದು ಗೊತ್ತಾದದ್ದು ನಾನು ಮೆಡಿಕಲ್ ಓದುವಾಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಟ್ಟು, ಹೆರಿಗೆಗಳಲ್ಲಿ ರಕ್ತ ಹೋಗುತ್ತದೆ ಸರಿ, ಹೋದದ್ದನ್ನು ತುಂಬುವ ಊಟ ಅವರ ಪಾಲಿಗೆ ಉಳಿಯುವುದೆಲ್ಲಿ?

ಕಮ್ಮಿ ಉಣ್ಣುವವಳೇ ಲಕ್ಷಣವಾದ ಹೆಣ್ಣು ಎಂಬುದನ್ನು ನಿಮ್ಮ ಮಗಳು ಬೀಗರಿಂದ ಹೊಸದಾಗಿ ಕಲಿಯಲಿಲ್ಲ. ನಿಮ್ಮನ್ನು ದೂರುತ್ತಿಲ್ಲ, ನಿಮಗೂ ಯಾರೋ ಹಾಗೇ ಕಲಿಸಿದ್ದು. ನೀವೂ ಅವಳ ಜೊತೆಗೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಮ್ಮಿ ಬಂದರೆ ಔಷಧಿ ಬೇಕು.

ಇವತ್ತು ರಾತ್ರಿ ಬುದ್ಧಿಮಾತು ಬೇಡ. ಗಂಡಸರ ಊಟ ಮುಗಿಯಲಿ ಎಂದು ಕಾಯದೆ ಇಬ್ಬರ ತಟ್ಟೆಯನ್ನೂ ಒಟ್ಟಿಗೆ ಹಾಕಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಾಫಿ ಒಂದು ಗಂಟೆ ತಡವಾಗಲಿ, ಇಲ್ಲದಿದ್ದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅವಳೆದುರೇ ನೀವು ಎರಡನೇ ಸಲ ಬಡಿಸಿಕೊಳ್ಳಿ. ನಾಳೆ ಅವಳನ್ನೂ ಕರೆದುಕೊಂಡು ದರ್ಜಿಯ ಹತ್ತಿರ ಹೋಗಿ. ಬ್ಲೌಸಿನ ಒಳಗೆ ಬಟ್ಟೆ ಮಡಿಚಿ ಬಿಟ್ಟಿರುತ್ತಾರೆ, ಹೊಲಿಗೆ ಬಿಚ್ಚಿಸಿ.