ಕಂಪ್ಯೂಟರ್ ಪ್ರಶ್ನೋತ್ತರ: ಫಾರ್ಮ್ಯಾಟ್ ಮಾಡಿಸುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಕಂಪ್ಯೂಟರ್ ತೀರಾ ನಿಧಾನ’ ಎಂಬ ಒಂದೇ ದೂರಿನವು. ಬಹುತೇಕ ಎಲ್ಲರಿಗೂ ಯಾರೋ ಒಬ್ಬರು ‘ಫಾರ್ಮ್ಯಾಟ್ ಮಾಡಿಸಿ, ಸರಿಹೋಗುತ್ತದೆ’ ಎಂದು ಆಗಲೇ ಹೇಳಿಯೂ ಆಗಿದೆ. ಡೊಂಬಿವಲಿಯಲ್ಲಿ ರಿಪೇರಿ ಕೆಲಸಕ್ಕೆ ಕುಳಿತಾಗಿನಿಂದ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಯಾವ ಭಾಗ ಏದುಸಿರು ಬಿಡುತ್ತಿದೆ ಎಂದು ನೋಡದೆ ಎಲ್ಲವನ್ನೂ ಅಳಿಸಿಹಾಕುವುದಕ್ಕೆ ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಲ್ಲಾದ ಬಳಿ ಇರುವ ಬಿಲ್ಲಿಂಗ್ ಕಂಪ್ಯೂಟರನ್ನು ಬೆಳಿಗ್ಗೆ ಆರಕ್ಕೆ ಹಾಕಿದರೆ ಮೊದಲ ಗಿರಾಕಿ ಇಡ್ಲಿ ತಿಂದು ಕೈ ತೊಳೆದು ಬಂದರೂ ಬಿಲ್ಲು ಬರುವುದಿಲ್ಲ. ವಿಂಡೋಸ್ 10, ನಾಲ್ಕು ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಕಳೆದ ವರ್ಷ ಫಾರ್ಮ್ಯಾಟ್ ಮಾಡಿಸಿದೆವು; ಕೆಲವು ವಾರ ಚೆನ್ನಾಗಿತ್ತು, ಮತ್ತೆ ಅದೇ ಹಾಡು. ಹೊಸದು ಕೊಳ್ಳಬೇಕೆ?

ಉತ್ತರ: ಕೊಳ್ಳುವ ಮಾತು ಸದ್ಯಕ್ಕೆ ಬದಿಗಿರಲಿ. ನಾಳೆ ಕಂಪ್ಯೂಟರ್ ಶುರುವಾದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು (ಪ್ರೊಸೆಸರ್), ಮೆಮೊರಿ (ರ‍್ಯಾಮ್), ಡಿಸ್ಕ್ ಈ ಮೂರರಲ್ಲಿ ಯಾವುದು ನೂರರ ಆಸುಪಾಸಿನಿಂದ ಇಳಿಯುವುದೇ ಇಲ್ಲವೋ ಅದೇ ಕಳ್ಳ. ನೀವು ಹೇಳಿದ್ದನ್ನು ಕೇಳಿದರೆ ಡಿಸ್ಕಿನ ಮೇಲೆಯೇ ನನ್ನ ಅನುಮಾನ. ಡಿಸ್ಕ್ 100% ಎಂದು ಕೆಂಪಾಗಿರುವಾಗಲೂ ಅದು ಓದುತ್ತಿರುವುದು ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಎಂಬುದನ್ನು ಅಲ್ಲೇ ನೋಡಬಹುದು.

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಿದೆ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 5400. ಓದುವ ತಲೆ ಸರಿಯಾದ ಸಾಲಿಗೆ ಸರಿದು, ಬೇಕಾದ ಜಾಗ ತಿರುಗಿ ಬರುವವರೆಗೆ ಕಾಯಬೇಕು. ಪ್ರತಿ ಸಲವೂ ಸುಮಾರು 10 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ನೂರು ಚೂರು. ವಿಂಡೋಸ್ ಏಳುವಾಗ ಅಂಥ ಸಾವಿರಾರು ಚೂರುಗಳನ್ನು ಒಮ್ಮೆಗೇ ಕೇಳುತ್ತದೆ. ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್) ತಿರುಗುವ ಭಾಗವೇ ಇಲ್ಲದ್ದರಿಂದ ಈ ಕಾಯುವಿಕೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಫಾರ್ಮ್ಯಾಟ್ ಮಾಡಿಸಿದಾಗ ತಟ್ಟೆಯ ವೇಗವೇನೂ ಹೆಚ್ಚಿರಲಿಲ್ಲ. ವಿಂಡೋಸಿನ ಜೊತೆಗೇ ಎದ್ದು ಕೂರುವ ಪ್ರೋಗ್ರಾಮುಗಳು ಇನ್ನೂ ಬಂದು ಸೇರಿರಲಿಲ್ಲ, ಅಷ್ಟೇ. ಅವನ್ನು ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ ‘ಡಿಸೇಬಲ್’ ಮಾಡಬಹುದು. ಬಿಲ್ಲಿಂಗ್, ಪ್ರಿಂಟರ್, ಆ್ಯಂಟಿವೈರಸ್ ಬಿಟ್ಟು ಉಳಿದವಕ್ಕೆ ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಗಲ್ಲಾದಲ್ಲಿ ಕೆಲಸವಿಲ್ಲ.

ಎರಡೂವರೆ ಇಂಚಿನ ಸಾಟಾ (ಹಳೆಯ ಡಿಸ್ಕಿನ ಕೇಬಲ್ಲಿಗೇ ಕೂರುವ) ಎಸ್‌ಎಸ್‌ಡಿ ಕೊಳ್ಳಿ. ಬಿಲ್ಲಿಂಗಿಗೆ 240 ಅಥವಾ 256 ಜಿಬಿ ಧಾರಾಳವಾಯಿತು. ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೇ ಹೋಗುವುದಾದರೆ ಮಾಟುಂಗಾ ರೋಡಿನಿಂದ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ಬನ್ನಿ. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ದರ ಆಗಾಗ ಬದಲಾಗುವುದರಿಂದ ಇಲ್ಲಿ ಬರೆಯುವುದಿಲ್ಲ, ಎರಡು ಮೂರು ಅಂಗಡಿ ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ. ‘ಪೆಹಚಾನ್’ (ಪರಿಚಯದ) ಅಂಗಡಿಯಾದರೂ ವಾರಂಟಿ ಕೇಳುವ ದಿನ ಕೈಹಿಡಿಯುವುದು ಆ ಕಾಗದವೇ. ಡಿಸ್ಕ್ ಬದಲಿಸುವ ಮೊದಲು ಬಿಲ್ಲಿಂಗ್ ಡೇಟಾವನ್ನು ಪೆನ್‌ಡ್ರೈವಿಗೆ ನೀವೇ ನಕಲು ಮಾಡಿಕೊಂಡು, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಜಿಎಸ್‌ಟಿ ಲೆಕ್ಕವನ್ನು ಬೇರೆಯವರ ನೆನಪಿನ ಮೇಲೆ ಬಿಡುವಂತಿಲ್ಲ.

ಹೇಗೂ ಮುಚ್ಚಳ ತೆಗೆಯುತ್ತೀರಿ, ಒಳಗೂ ಒಮ್ಮೆ ನೋಡಿ. ಹೋಟೆಲಿನ ಕಂಪ್ಯೂಟರುಗಳಲ್ಲಿ ಮನೆಯದರಂತೆ ಒಣ ಧೂಳಿರುವುದಿಲ್ಲ. ದೋಸೆ ಕಾವಲಿಯ ಹೊಗೆಯ ಎಣ್ಣೆ ಧೂಳಿನೊಂದಿಗೆ ಕಲೆತು, ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಕಂದು ಕಂಬಳಿಯ ಹಾಗೆ ಹತ್ತಿಕೊಂಡಿರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಹಳಸಿದ ಒಗ್ಗರಣೆಯ ವಾಸನೆ ಹೊಡೆಯುತ್ತದೆ, ಜಿರಳೆ ಸಂಸಾರವೂ ಇದ್ದರೆ ಆಶ್ಚರ್ಯವಿಲ್ಲ. ಬ್ಲೋವರಿನ ಗಾಳಿಗೆ ಇದು ಜಗ್ಗುವುದಿಲ್ಲ. ವಯರ್ ಕಿತ್ತು, ಫ್ಯಾನನ್ನು ತಿರುಗದಂತೆ ಬೆರಳಿನಿಂದ ಹಿಡಿದು, ಬಣ್ಣ ಬಳಿಯುವ ಸಣ್ಣ ಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಅದ್ದಿ ಉಜ್ಜಿ. ಪೂರ್ತಿ ಆರಿದ ಮೇಲೆಯೇ ಕರೆಂಟು ಕೊಡಿ. ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ನಿಮ್ಮ ಬಿಲ್ಲು ಇನ್ನಷ್ಟು ತಡವಾಗುತ್ತಿದ್ದರೆ ಇದೂ ಒಂದು ಕಾರಣವಾಗಿರಬಹುದು. ಸಾಧ್ಯವಾದರೆ ಪೆಟ್ಟಿಗೆಯನ್ನು ಅಡುಗೆಮನೆಯ ಕಿಟಕಿಯಿಂದ ದೂರ ಸರಿಸಿ, ನೆಲ ಒರೆಸುವ ನೀರು ತಾಗದ ಎತ್ತರದಲ್ಲಿಡಿ.

ಇಷ್ಟಾದ ಮೇಲೂ ಮೆಮೊರಿ ಎಂಬತ್ತು ತೊಂಬತ್ತು ದಾಟುತ್ತಿದ್ದರೆ ಮಾತ್ರ ಇನ್ನೊಂದು ನಾಲ್ಕು ಜಿಬಿ ರ‍್ಯಾಮ್ ಹಾಕಿಸಿ. ಡಿಡಿಆರ್3 ತಲೆಮಾರಿನ ರ‍್ಯಾಮ್ ಇರುವಲ್ಲಿ ಡಿಡಿಆರ್4 ಕೂರುವುದಿಲ್ಲ. ಹಳೆಯ ರ‍್ಯಾಮ್ ತುಂಡನ್ನೇ ಅಂಗಡಿಗೆ ಒಯ್ಯುವುದೇ ಕ್ಷೇಮ.

ಪ್ರಶ್ನೆ: ನಾನು ಮುಲುಂಡಿನಲ್ಲಿರುವ ನಿವೃತ್ತ ಶಿಕ್ಷಕಿ. ಮಗ ಎಸ್‌ಎಸ್‌ಡಿ, ಎಂಟು ಜಿಬಿ ರ‍್ಯಾಮ್ ಎಲ್ಲ ಹಾಕಿಸಿಕೊಟ್ಟಿದ್ದಾನೆ. ಪ್ರತಿ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುತ್ತೇನೆ. ಆದರೂ ಹತ್ತು ಹದಿನೈದು ದಿನಕ್ಕೊಮ್ಮೆ ಮಂಕಾಗುತ್ತದೆ.

ಉತ್ತರ: ಟೀಚರ್, ನಿಮ್ಮ ಶಿಸ್ತಿನಲ್ಲಿ ಕೊರತೆಯಿಲ್ಲ. ಮೋಸ ವಿಂಡೋಸಿನದು. ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದಿದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು ಆರಿಸಿ, ಕೆಳಗೆ ‘ಅಪ್ ಟೈಮ್’ ನೋಡಿ. ನಿನ್ನೆ ರಾತ್ರಿ ಮುಚ್ಚಿದ ಕಂಪ್ಯೂಟರ್ ಎಷ್ಟೋ ದಿನಗಳಿಂದ ಎದ್ದೇ ಇದೆ ಎಂದು ಅದು ಹೇಳುತ್ತಿರುತ್ತದೆ. ‘ರೀಸ್ಟಾರ್ಟ್’ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ವಾರಕ್ಕೊಮ್ಮೆ ಹಾಗೆ ಮಾಡಿ.

ಸಿ ಡ್ರೈವ್ ಭರ್ತಿಯಾಗಿದೆಯೇ ಎಂದೂ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಹೋದರೆ ‘ಟೆಂಪೊರರಿ ಫೈಲ್ಸ್’ ಸಿಗುತ್ತದೆ. ಅಲ್ಲಿ ಅಳಿಸುವಾಗ ‘ಡೌನ್‌ಲೋಡ್ಸ್’ ಎಂಬ ಸಾಲಿನ ಮುಂದೆ ಗುರುತು ಹಾಕಬೇಡಿ. ಪಿಂಚಣಿ ಕಾಗದ, ಮೊಮ್ಮಕ್ಕಳ ಫೋಟೋ ಹೆಚ್ಚಾಗಿ ಅಲ್ಲಿಯೇ ಬಿದ್ದಿರುತ್ತವೆ.

ಪ್ರಶ್ನೆ: ಕಲ್ಯಾಣದ ಕಾಲೇಜು ವಿದ್ಯಾರ್ಥಿ. ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪು. ಕ್ರೋಮಿನಲ್ಲಿ ಹತ್ತಾರು ಟ್ಯಾಬ್ ತೆರೆದರೆ ಹೆಪ್ಪುಗಟ್ಟುತ್ತದೆ, ಜೊತೆಗೆ ವಿಪರೀತ ಬಿಸಿ.

ಉತ್ತರ: ಅದೇ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಮೆಮೊರಿ ಆರಿಸಿ ‘ಸ್ಲಾಟ್ಸ್ ಯೂಸ್ಡ್’ ನೋಡಪ್ಪ. ರ‍್ಯಾಮ್ ಕೂರಿಸುವ ಎರಡು ಗೂಡುಗಳಲ್ಲಿ ಒಂದು ಖಾಲಿಯಿದ್ದರೆ ರ‍್ಯಾಮ್ ಸೇರಿಸಬಹುದು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಹಾಗಿದ್ದರೆ ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ‘ಮೆಮೊರಿ ಸೇವರ್’ ಹಾಕಿ, ಬೇಡದ ಎಕ್ಸ್‌ಟೆನ್ಶನ್ ಕಿತ್ತುಹಾಕು. ಬಿಸಿಯ ಕಾರಣ ನನ್ನ ಊಹೆಯಲ್ಲಿ ಹಾಸಿಗೆ. ಹೆಚ್ಚಿನ ಲ್ಯಾಪ್‌ಟಾಪುಗಳು ಗಾಳಿ ಎಳೆಯುವ ಕಿಂಡಿ ತಳದಲ್ಲಿರುತ್ತದೆ, ಚಾದರದ ಮೇಲಿಟ್ಟರೆ ಅದು ಮುಚ್ಚಿಹೋಗುತ್ತದೆ.

ಪ್ರಶ್ನೆ: ‘ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ, ವೇಗ ಹೆಚ್ಚಿಸಲು ಒತ್ತಿ’ ಎಂದು ಪರದೆಯ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ಒತ್ತಬಹುದೆ? (ವಾಶಿ)

ಉತ್ತರ: ಬೇಡ. ಯಾವುದೋ ಜಾಲತಾಣಕ್ಕೆ ಎಂದೋ ‘ಅಲೌ’ ಎಂದಿರುತ್ತೀರಿ, ಅದರ ಫಲ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ‘ನೋಟಿಫಿಕೇಶನ್ಸ್’ ಹುಡುಕಿ, ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ದಾಖಲೆಯನ್ನು ಶುಚಿ ಮಾಡುತ್ತೇವೆನ್ನುವ ‘ರಿಜಿಸ್ಟ್ರಿ ಕ್ಲೀನರ್’ ಎಂಬ ಸಾಫ್ಟ್‌ವೇರುಗಳನ್ನು ಬಳಸಲು ಮೈಕ್ರೋಸಾಫ್ಟೇ ಬೆಂಬಲ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಇಂಥ ಮೂರು ಜಮಾಯಿಸಿದ್ದರೆ, ನಿಧಾನಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪ್ರಶ್ನೆ: ವಿಂಡೋಸ್ 10 ನಿಂತುಹೋಯಿತಂತೆ. ಅದಕ್ಕೇ ನಮ್ಮದು ನಿಧಾನವಾಯಿತೆ? (ಪುಣೆ)

ಉತ್ತರ: ಅಲ್ಲ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಉಚಿತ ಬೆಂಬಲ. ಅದರಿಂದ ವೇಗ ಕುಗ್ಗುವುದಿಲ್ಲ, ಭದ್ರತೆ ಕುಗ್ಗುತ್ತದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯಿದೆ, ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದು ಅಥವಾ ನಂತರದ್ದು. ಅಷ್ಟಿಲ್ಲದ ಹಳೆಯ ಕಂಪ್ಯೂಟರಿಗೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಚೆನ್ನಾಗಿ ಒಗ್ಗುತ್ತದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಕನ್ನಡವೂ ಬರುತ್ತದೆ.

ಪ್ರಶ್ನೆ: ನಮ್ಮ ಕಂಪ್ಯೂಟರ್ ಮಳೆಗಾಲದಲ್ಲಿ ಮಾತ್ರ ನಿಧಾನ! (ಪರೇಲ್)

ಉತ್ತರ: ಕಂಪ್ಯೂಟರಿನಲ್ಲೇ ಇರುವ ಒಂದು ಫೋಟೋ ತೆರೆಯಿರಿ. ಅದು ತಟ್ಟನೆ ತೆರೆದು, ಜಾಲತಾಣ ಮಾತ್ರ ಸತಾಯಿಸಿದರೆ ತೊಂದರೆ ಇಂಟರ್‌ನೆಟ್ಟಿನದು. ರೂಟರನ್ನು ಒಮ್ಮೆ ಆರಿಸಿ ಹಾಕಿ, ಕಂಪ್ಯೂಟರಿಗೆ ಕೇಬಲ್ಲಿನಲ್ಲೇ ಜೋಡಿಸಿ ನೋಡಿ. ಆಗಲೂ ಹಾಗೆಯೇ ಇದ್ದರೆ ಮನೆಯ ಹೊರಗೆ ಮಳೆಗೆ ನೆನೆಯುವ ಜೋಡಣೆಯನ್ನು ಪರೀಕ್ಷಿಸಲು ಕೇಬಲ್‌ನವನಿಗೆ ಫೋನ್ ಮಾಡಿ.